ಸ್ಕೂಟರ್ ಮನೆಯಲ್ಲಿ ಬಿಟ್ಟು ಹೊರಡಬೇಡಿ

ಮೊಣಕಾಲು ಸೋತಿತು, ಇನ್ನು ನಮ್ಮ ತಿರುಗಾಟ ಮುಗಿಯಿತು ಎಂದು ಕೈಚೆಲ್ಲಿ ಕೂತವರಿಗಾಗಿ ಈ ನಾಲ್ಕು ಮಾತು. ನಮ್ಮವರಲ್ಲಿ ಇಂಥವರು ಬಹಳ ಮಂದಿ ಇದ್ದಾರೆ. ಮಗನೋ ಮಗಳೋ ಪ್ರೀತಿಯಿಂದ, ನಡೆಯಲು ಕಷ್ಟವಾದವರು ಕೂತು ಓಡಾಡುವ ಒಂದು ಬ್ಯಾಟರಿ ಸ್ಕೂಟರ್ ತಂದುಕೊಟ್ಟಿರುತ್ತಾರೆ. ಅಮೆರಿಕದ ನ್ಯೂಜೆರ್ಸಿಯಲ್ಲಿರುವ ನಮ್ಮ ಹೋಬೋಕನ್ನಿನ ವಾಷಿಂಗ್ಟನ್ ಸ್ಟ್ರೀಟಿನಲ್ಲಿ ಅದರ ಮೇಲೆ ಕೂತು ಹೋಗಿ ತರಕಾರಿ ತರುತ್ತಾರೆ, ಸಂಜೆ ಪಿಯರ್ ಎ ಪಾರ್ಕಿನವರೆಗೆ ಹೋಗಿ ಹಡ್ಸನ್ ನದಿಯ ಗಾಳಿ ಕುಡಿದು ಬರುತ್ತಾರೆ. ಆದರೆ ಬೆಂಗಳೂರಿಗೆ ಹೊರಡುವ ದಿನ ಅದೇ ಸ್ಕೂಟರ್ ಮನೆಯ ಮೂಲೆ ಸೇರುತ್ತದೆ. ಯಾಕೆ ಅಂತ ಕೇಳಿದರೆ, ‘ಏರ್‌ಪೋರ್ಟಿನಲ್ಲಿ ವೀಲ್‌ಚೇರ್ ಕೊಡ್ತಾರಲ್ಲ’ ಎನ್ನುತ್ತಾರೆ.

ಕೊಡುತ್ತಾರೆ, ನಿಜ. ತಳ್ಳುವ ಹುಡುಗನೂ ಬರುತ್ತಾನೆ. ಆದರೆ ಅವನು ನಿಲ್ಲಿಸಿದಲ್ಲೇ ನೀವು ಇರಬೇಕು. ಬಾತ್‌ರೂಮಿಗೆ ಹೋಗಬೇಕೆನಿಸಿದರೆ ಅವನಿಗಾಗಿ ಕಾಯಬೇಕು, ಒಂದು ಕಾಫಿ ಬೇಕೆನಿಸಿದರೂ ಕಾಯಬೇಕು. ಇಳಿದ ಊರಿನಲ್ಲಿ ಏರ್‌ಪೋರ್ಟಿನ ಬಾಗಿಲು ದಾಟಿದೊಡನೆ ಆ ಕುರ್ಚಿ ಹಿಂದಿರುಗುತ್ತದೆ, ನೀವು ಮಾತ್ರ ಅಲ್ಲೇ ಉಳಿಯುತ್ತೀರಿ. 2024ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನಿಂದ ಮುಂಬಯಿಗೆ ಬಂದಿಳಿದ ವೃದ್ಧ ದಂಪತಿಯ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಇಬ್ಬರಿಗೂ ಕುರ್ಚಿ ಕೇಳಿದ್ದರೂ ಸಿಕ್ಕಿದ್ದು ಒಂದೇ. ಹೆಂಡತಿಯನ್ನು ಅದರಲ್ಲಿ ಕೂರಿಸಿ, ಎಂಬತ್ತು ವಯಸ್ಸಿನ ಗಂಡ ಪಕ್ಕದಲ್ಲಿ ನಡೆದೇ ಹೊರಟರು. ಇಮಿಗ್ರೇಷನ್ ಹತ್ತಿರ ಕುಸಿದು ತೀರಿಕೊಂಡರು. ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಅವರನ್ನು ಕರೆತಂದ ಏರ್ ಇಂಡಿಯಾಕ್ಕೆ 30 ಲಕ್ಷ ರೂಪಾಯಿ ದಂಡ ಹಾಕಿತು. ದಂಡದಿಂದ ಹೋದ ಜೀವ ಬರುವುದಿಲ್ಲ. ಅಂದಿನಿಂದ ನಾನು ಎಲ್ಲರಿಗೂ ಹೇಳುತ್ತಿರುವುದು ಇಷ್ಟೇ: ಏರ್‌ಪೋರ್ಟಿನ ಕುರ್ಚಿಯನ್ನೂ ಕೇಳಿ, ಆದರೆ ಅದನ್ನೇ ನಂಬಿ ನಿಮ್ಮ ಸ್ವಂತ ಸ್ಕೂಟರನ್ನು ಬಿಟ್ಟು ಹೊರಡಬೇಡಿ.

ಅದಕ್ಕೆ ಬೇರೆ ದುಡ್ಡು ತೆರಬೇಕಾಗುತ್ತದೆ ಎಂದು ಎಷ್ಟೋ ಜನ ಹೆದರುತ್ತಾರೆ. ಅಮೆರಿಕದಲ್ಲಿ 1986ರಿಂದಲೇ ಏರ್ ಕ್ಯಾರಿಯರ್ ಆಕ್ಸೆಸ್ ಆ್ಯಕ್ಟ್ ಎಂಬ ಕಾನೂನಿದೆ. ಅದರ ಪ್ರಕಾರ ನಿಮ್ಮ ಸ್ಕೂಟರ್ ಲಗೇಜ್ ಲೆಕ್ಕಕ್ಕೆ ಬರುವುದಿಲ್ಲ. ಎರಡು ಪೆಟ್ಟಿಗೆಗಳ ಮೇಲೆ ಅದನ್ನೂ ಒಯ್ಯಬಹುದು, ಒಂದು ಕಾಸೂ ಕೊಡಬೇಕಿಲ್ಲ. ಅಮೆರಿಕಕ್ಕೆ ಬರುವ, ಇಲ್ಲಿಂದ ಹೊರಡುವ ವಿದೇಶಿ ವಿಮಾನಗಳಿಗೂ ಈ ನಿಯಮ ಅನ್ವಯಿಸುತ್ತದೆ. ಕೌಂಟರಿನಲ್ಲಿ ಯಾರಾದರೂ ದುಡ್ಡು ಕೇಳಿದರೆ, ಅಥವಾ ಆಗುವುದಿಲ್ಲ ಎಂದರೆ, ಜಗಳಕ್ಕಿಳಿಯಬೇಡಿ. ‘ಕಂಪ್ಲೇಂಟ್ ರೆಸಲ್ಯೂಷನ್ ಅಫಿಷಿಯಲ್ ಅವರನ್ನು ಕರೆಯಿರಿ’ ಎನ್ನಿ. ಪ್ರತಿ ವಿಮಾನ ಕಂಪನಿಯೂ ಇಂಥ ಒಬ್ಬ ಅಧಿಕಾರಿಯನ್ನು ಇಟ್ಟಿರಲೇಬೇಕು. ಎದುರಿಗೆ ಬರಲಾಗದಿದ್ದರೆ ಫೋನಿನಲ್ಲಾದರೂ ಸಿಗಬೇಕು. ಆ ಹೆಸರು ಬಾಯಿಪಾಠ ಮಾಡಿಕೊಳ್ಳಿ. ಕಾನೂನು ಗೊತ್ತಿರುವವರು ಎದುರಿಗಿದ್ದಾರೆ ಎಂದು ತಿಳಿದ ಕೂಡಲೇ ಮಾತಿನ ಧಾಟಿ ಬದಲಾಗುತ್ತದೆ.

ಇನ್ನು ಬ್ಯಾಟರಿಯ ವಿಷಯ. ಸ್ಕೂಟರ್ ಪ್ರಯಾಣದಲ್ಲಿ ನಿಜವಾಗಿ ಮನಸ್ಸಿಟ್ಟು ಕಲಿಯಬೇಕಾದ್ದು ಇದೊಂದೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ವಿಮಾನದವರಿಗೆ ನಿಮ್ಮ ಸ್ಕೂಟರಿನ ಬಗ್ಗೆ ಭಯವಿಲ್ಲ, ಅದರ ಬ್ಯಾಟರಿಗೆ ಬೆಂಕಿ ಹತ್ತೀತು ಎಂಬ ಭಯವಿದೆ. ಬ್ಯಾಟರಿ ಎರಡು ಜಾತಿಯವು. ಹಳೆಯ ಮಾದರಿಯ ಸ್ಕೂಟರುಗಳಲ್ಲಿ ಸೋರದಂತೆ ಮುಚ್ಚಿದ ಸೀಸದ ಬ್ಯಾಟರಿ ಇರುತ್ತದೆ. ಅದು ಸೋರುವುದಿಲ್ಲ ಎಂದು ಅದರ ಮೇಲೇ ಬರೆದಿದ್ದರೆ, ಭದ್ರವಾಗಿ ಕೂತಿದ್ದರೆ, ತುದಿಗಳು ಒಂದಕ್ಕೊಂದು ತಾಗದಂತೆ ಇದ್ದರೆ ಸ್ಕೂಟರಿನೊಳಗೇ ಇಟ್ಟು ಕಳಿಸಬಹುದು. ಈಚಿನ ಹಗುರ, ಮಡಿಚುವ ಸ್ಕೂಟರುಗಳಲ್ಲಿ ಇರುವುದು ಲಿಥಿಯಂ. ಇದು ಕೈಯಿಂದ ತೆಗೆಯುವಂಥದ್ದಾಗಿದ್ದು ನೀವು ತೆಗೆದಿರೋ, ಆಮೇಲೆ ಅದು ಪೆಟ್ಟಿಗೆಯಲ್ಲಿ ಹೋಗಕೂಡದು, ನಿಮ್ಮ ಜೊತೆಗೇ ಕ್ಯಾಬಿನ್ನಿಗೆ ಬರಬೇಕು. ಒಂದೇ ಬ್ಯಾಟರಿಯಾದರೆ 300 ವಾಟ್-ಅವರ್ ಮೀರಬಾರದು. ಎರಡು ಇದ್ದರೆ ತಲಾ 160 ಮೀರಬಾರದು. ಲೆಕ್ಕ ಸುಲಭ: ಬ್ಯಾಟರಿಯ ಮೇಲಿರುವ ವೋಲ್ಟಿನ ಅಂಕಿಯನ್ನು ಆಂಪಿಯರ್-ಅವರ್ ಅಂಕಿಯಿಂದ ಗುಣಿಸಿ. 24 ವೋಲ್ಟ್, 10 ಆಂಪಿಯರ್-ಅವರ್ ಆದರೆ 240. ಇದು ನಡೆಯುತ್ತದೆ. 24 ವೋಲ್ಟ್, 15 ಆದರೆ 360. ಇದನ್ನು ತೆಗೆದು ಕ್ಯಾಬಿನ್ನಿಗೆ ತರಲು ಬಿಡುವುದಿಲ್ಲ.

ಹೀಗಾಗಿ ಹೊಸ ಸ್ಕೂಟರ್ ಕೊಳ್ಳುವ ಮಕ್ಕಳಿಗೆ ನನ್ನ ಒತ್ತಾಯ: ಒಂದೇ ಸಲಕ್ಕೆ ಎಷ್ಟು ಮೈಲಿ ಓಡುತ್ತದೆ ಎಂಬುದಕ್ಕೆ ಮರುಳಾಗಿ ದೊಡ್ಡ ಬ್ಯಾಟರಿ ಆರಿಸಬೇಡಿ. ಹೋಬೋಕನ್ ಇಡೀ ಊರೇ ಸುಮಾರು ಒಂದು ಚದರ ಮೈಲಿ, ಇಲ್ಲಿ ಯಾರಿಗೂ ಇಪ್ಪತ್ತು ಮೈಲಿ ಓಡುವ ಸ್ಕೂಟರ್ ಬೇಕಿಲ್ಲ. ಹೆಸರಿಲ್ಲದ ಅಗ್ಗದ ಬ್ಯಾಟರಿಯನ್ನೂ ಹಾಕಿಸಬೇಡಿ. ಮೇಲೆ ಅಂಕಿ ಅಚ್ಚಾಗಿಲ್ಲದಿದ್ದರೆ ಅಥವಾ ಚೀಟಿ ಉಜ್ಜಿಹೋಗಿದ್ದರೆ, ನಿಮ್ಮ ಮಾತನ್ನು ನಂಬುವ ಹೊಣೆ ಯಾವ ಸಿಬ್ಬಂದಿಗೂ ಇಲ್ಲ. ಆ ಚೀಟಿಯ ಫೋಟೋ ಫೋನಿನಲ್ಲಿರಲಿ, ತಯಾರಕರ ಕೈಪಿಡಿಯ ಆ ಪುಟದ ಪ್ರತಿ ಪರ್ಸಿನಲ್ಲಿರಲಿ. ತೆಗೆದ ಬ್ಯಾಟರಿಯ ತುದಿಗಳಿಗೆ ಟೇಪ್ ಅಂಟಿಸಿ, ಒಂದೊಂದನ್ನೂ ಬೇರೆ ಬೇರೆ ಚೀಲದಲ್ಲಿ ಇಡಿ.

ಟಿಕೆಟ್ ಬುಕ್ ಆದ ದಿನವೇ ಫೋನ್ ಮಾಡಿ ಈ ವಿವರಗಳನ್ನೆಲ್ಲ ದಾಖಲೆಗೆ ಹಾಕಿಸಬೇಕು. ಸ್ಕೂಟರಿನ ಉದ್ದ, ಅಗಲ, ಎತ್ತರ, ತೂಕ, ಬ್ಯಾಟರಿಯ ಜಾತಿ ಎಲ್ಲವನ್ನೂ ಹೇಳಿ. ಅವರಲ್ಲಿ ಇದಕ್ಕೆಲ್ಲ ಸಂಕೇತಗಳಿವೆ. ಮೆಟ್ಟಿಲು ಹತ್ತಬಲ್ಲವರಿಗೆ ಡಬ್ಲ್ಯೂಸಿಎಚ್‌ಆರ್, ಮೆಟ್ಟಿಲು ಹತ್ತಲಾಗದವರಿಗೆ ಡಬ್ಲ್ಯೂಸಿಎಚ್‌ಎಸ್, ಸೀಟಿನವರೆಗೂ ಎತ್ತಿ ಒಯ್ಯಬೇಕಾದವರಿಗೆ ಡಬ್ಲ್ಯೂಸಿಎಚ್‌ಸಿ. ಸೋರದ ಒಣ ಬ್ಯಾಟರಿಗೆ ಡಬ್ಲ್ಯೂಸಿಬಿಡಿ, ಲಿಥಿಯಂಗೆ ಡಬ್ಲ್ಯೂಸಿಎಲ್‌ಬಿ. ನಮ್ಮ ಹಿರಿಯರು ‘ಹೇಗೋ ಹತ್ತುತ್ತೇನೆ’ ಎಂದು ಮೊದಲನೆಯದನ್ನೇ ಬರೆಸುತ್ತಾರೆ. ವಿಮಾನ ಸೇತುವೆಗೆ ತಾಗದೆ ದೂರ ನಿಂತ ದಿನ ಆ ಮಾತಿಗೆ ಕಬ್ಬಿಣದ ಮೆಟ್ಟಿಲ ಕೆಳಗೆ ನಿಂತು ಉತ್ತರ ಕೊಡಬೇಕಾಗುತ್ತದೆ. ದೇಹದ ಸ್ಥಿತಿಯನ್ನು ಇದ್ದಂತೆ ಹೇಳಿ. ಭದ್ರತಾ ತಪಾಸಣೆಯ ಅಳುಕಿದ್ದರೆ ಅಮೆರಿಕದಲ್ಲಿ ಟಿಎಸ್‌ಎ ಕೇರ್ಸ್ ಎಂಬ ಸಹಾಯವಾಣಿ ಇದೆ, ಪ್ರಯಾಣಕ್ಕೆ 72 ಗಂಟೆ ಮೊದಲು ಕರೆ ಮಾಡಿದರೆ ಜೊತೆಗೆ ಯಾರನ್ನಾದರೂ ಕೊಡುತ್ತಾರೆ.

ಚೆಕ್-ಇನ್ ಕೌಂಟರಿನಲ್ಲೇ ಸ್ಕೂಟರ್ ಒಪ್ಪಿಸಿಬಿಡಿ ಎಂದು ಸಿಬ್ಬಂದಿ ನಯವಾಗಿ ಕೇಳುತ್ತಾರೆ. ಒಪ್ಪಬೇಡಿ. ಅದರ ಮೇಲೆ ಕೂತೇ ಗೇಟಿಗೆ ಹೋಗಿ, ವಿಮಾನದ ಬಾಗಿಲ ಬಳಿ ಕೊಡಿ, ಇಳಿದಾಗಲೂ ಬಾಗಿಲ ಬಳಿಯೇ ಬೇಕು ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ನ್ಯೂವಾರ್ಕಿನಂಥ ನಿಲ್ದಾಣದಲ್ಲಿ ಗೇಟಿನವರೆಗಿನ ದೂರ ಸಣ್ಣದಲ್ಲ.

ಕೊಡುವಾಗ ಮಾಡಬೇಕಾದ ಕೆಲಸಗಳಿವೆ. ಕೀಲಿ ತೆಗೆದು ನಿಮ್ಮ ಜೇಬಿಗೆ ಹಾಕಿಕೊಳ್ಳಿ. ಬುಟ್ಟಿ, ಕನ್ನಡಿ, ಸೀಟಿನ ದಿಂಬು, ಕಳಚಿ ಬರುವ ಯಾವುದನ್ನೂ ಸ್ಕೂಟರಿನಲ್ಲಿ ಬಿಡಬೇಡಿ. ಮೋಟರಿನಿಂದ ಚಕ್ರ ಬಿಡಿಸುವ ಒಂದು ಸನ್ನೆ (ಲಿವರ್) ಪ್ರತಿ ಸ್ಕೂಟರಿನಲ್ಲೂ ಇರುತ್ತದೆ, ಫ್ರೀವೀಲ್ ಎನ್ನುತ್ತಾರೆ. ಅದು ಎಲ್ಲಿದೆ ಎಂದು ತಿಳಿಯದೆ ಸರಕಿನ ಹುಡುಗರು ಬಿಗಿದ ಚಕ್ರವನ್ನೇ ಎಳೆಯುತ್ತಾರೆ, ಗೇರು ಹಲ್ಲು ಮುರಿಯುವುದು ಹೀಗೆ. ನನ್ನ ಸ್ಕೂಟರಿನ ಹಿಡಿಕೆಗೆ ನಾನು ಪ್ಲಾಸ್ಟಿಕ್ ಹೊದಿಸಿದ ದೊಡ್ಡ ಚೀಟಿ ಕಟ್ಟುತ್ತೇನೆ: ಸನ್ನೆ ಇಲ್ಲಿ, ಹಿಡಿಕೆ ಹೀಗೆ ಮಡಿಚಿ, ಇಲ್ಲಿ ಹಿಡಿದು ಎತ್ತಿ, ಮಗ್ಗುಲಿಗೆ ಮಲಗಿಸಬೇಡಿ. ಮಾತಿಗಿಂತ ಬಾಣದ ಗುರುತು ಇರುವ ಚಿತ್ರಗಳು ಒಳ್ಳೆಯವು, ಯಾವ ಊರಿನ ಹುಡುಗನಿಗಾದರೂ ಅರ್ಥವಾಗುತ್ತವೆ. ಆದರೆ ಒಂದು ಎಚ್ಚರ. ಆ ಸನ್ನೆ ಬಿಡಿಸಿದಾಗ ಸ್ಕೂಟರಿಗೆ ಬ್ರೇಕೂ ಇರುವುದಿಲ್ಲ. ನೀವು ಅದರ ಮೇಲೆ ಕೂತಿರುವಾಗ, ಅದರಲ್ಲೂ ಇಳಿಜಾರಿನಲ್ಲಿ, ಯಾರಿಗೂ ಅದನ್ನು ಮುಟ್ಟಲು ಬಿಡಬೇಡಿ.

ಒಪ್ಪಿಸುವ ಮುನ್ನ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ, ಓಡುತ್ತಿರುವ ಒಂದು ಸಣ್ಣ ವಿಡಿಯೋ ಇರಲಿ. ಒಮ್ಮೆ ನನ್ನ ಸ್ಕೂಟರಿನ ಹಿಡಿಕೆ ವಾಲಿಕೊಂಡು ಬಂತು. ಹೊರಡುವಾಗ ನೆಟ್ಟಗಿದ್ದ ಫೋಟೋ ತೋರಿಸಿದೆ, ವಾದ ಅಲ್ಲಿಗೇ ನಿಂತಿತು. ಇದು ಅಪರೂಪದ ಸಂಗತಿಯಲ್ಲ. ಅಮೆರಿಕದ ಸಾರಿಗೆ ಇಲಾಖೆ ಈ ಲೆಕ್ಕವನ್ನು ಪ್ರಕಟಿಸುತ್ತದೆ. 2023ರಲ್ಲಿ ಇಲ್ಲಿನ ದೊಡ್ಡ ವಿಮಾನ ಕಂಪನಿಗಳು ಕೆಡಿಸಿದ, ಕಳೆದ ಅಥವಾ ತಡಮಾಡಿದ ಗಾಲಿಕುರ್ಚಿ, ಸ್ಕೂಟರುಗಳು 11,500ಕ್ಕೂ ಹೆಚ್ಚು. ನೂರು ಸಾಗಿಸಿದರೆ ಒಂದಕ್ಕಿಂತ ತುಸು ಹೆಚ್ಚು ಎಂದಾಯಿತು. ಲಾಸ್ ಏಂಜಲೀಸಿನ ಎಂಗ್ರಾಸಿಯಾ ಫಿಗೆರೋವಾ ಎಂಬ ಅಂಗವಿಕಲರ ಹಕ್ಕುಗಳ ಹೋರಾಟಗಾರ್ತಿಯ ಕುರ್ಚಿ 2021ರ ಜುಲೈನಲ್ಲಿ ವಿಮಾನದಲ್ಲಿ ಮುರಿಯಿತು. ದೇಹಕ್ಕೆ ಹೊಂದದ ಬೇರೆ ಕುರ್ಚಿಯಲ್ಲಿ ಗಂಟೆಗಟ್ಟಲೆ ಕೂತು ಆದ ಒತ್ತುಹುಣ್ಣು ವಾಸಿಯಾಗದೆ ಅಕ್ಟೋಬರ್ ಕೊನೆಯಲ್ಲಿ ಅವರು ತೀರಿಕೊಂಡರು. ಎಂಥ ದಿಟ್ಟ ಹೆಂಗಸು! ಕಂಪನಿ ರಿಪೇರಿ ಮಾಡಿಕೊಡುತ್ತೇವೆ ಎಂದರೂ ಒಪ್ಪದೆ ಹೊಸದೇ ಬೇಕೆಂದು ಹಟ ಹಿಡಿದು ಕಂಪನಿಯನ್ನು ಒಪ್ಪಿಸಿದವರು.

ಅಮೆರಿಕದೊಳಗಿನ ಹಾರಾಟದಲ್ಲಿ ಸ್ಕೂಟರ್ ಹಾಳಾದರೆ ಅದನ್ನು ಕೊಂಡಾಗಿನ ಪೂರ್ತಿ ಬೆಲೆಯವರೆಗೆ ಕಂಪನಿ ಹೊಣೆ. ಊರಿಗೆ ಹೋಗುವ ಅಂತರರಾಷ್ಟ್ರೀಯ ಹಾರಾಟದಲ್ಲಿ ಹಾಗಲ್ಲ. ಅಲ್ಲಿ ಮಾಂಟ್ರಿಯಲ್ ಒಪ್ಪಂದದ ಮಿತಿ ಇದೆ, 2024ರ ಡಿಸೆಂಬರ್ 28ರಿಂದ ಎಸ್‌ಡಿಆರ್ ಎಂಬ ಅಂತರರಾಷ್ಟ್ರೀಯ ಲೆಕ್ಕದ ಹಣದಲ್ಲಿ 1,519, ಅಂದರೆ ಸುಮಾರು 2,000 ಡಾಲರ್. ನಿಮ್ಮ ಸ್ಕೂಟರಿನ ಬೆಲೆ ಅದಕ್ಕಿಂತ ಹೆಚ್ಚಿದ್ದರೆ, ಚೆಕ್-ಇನ್ ಮಾಡುವಾಗಲೇ ‘ಸ್ಪೆಷಲ್ ಡಿಕ್ಲರೇಷನ್ ಆಫ್ ಇಂಟರೆಸ್ಟ್’ ಎಂಬ ಘೋಷಣೆ ಬರೆದು ಕೊಡಬೇಕು. ಹಾನಿಯಾಗಿದ್ದರೆ ಏರ್‌ಪೋರ್ಟ್ ಬಿಡುವ ಮುನ್ನವೇ ದೂರು ಬರೆಸಿ. ಒಪ್ಪಂದ ಕೊಡುವ ಗಡುವು ಏಳು ದಿನ, ಆದರೆ ಮನೆಗೆ ಬಂದು ಸುಸ್ತು ಇಳಿಸಿಕೊಂಡು ನೋಡೋಣ ಎಂದರೆ ಆ ಏಳು ದಿನ ಕಣ್ಣೆದುರೇ ಕಳೆದುಹೋಗುತ್ತವೆ.

ನ್ಯೂವಾರ್ಕಿನಿಂದ ಬೆಂಗಳೂರಿಗೆ ನೇರ ವಿಮಾನವಿಲ್ಲ, ನಡುವೆ ಎಲ್ಲೋ ಇಳಿಯಲೇಬೇಕು. ಆ ನಡುವಿನ ಊರಿನಲ್ಲಿ ಸ್ಕೂಟರ್ ಕೈಗೆ ಸಿಗುತ್ತದೆಯೋ, ನೇರ ಬೆಂಗಳೂರಿಗೇ ಹೋಗುತ್ತದೆಯೋ ಎಂದು ಮೊದಲೇ ಕೇಳಿ. ಎರಡು ಬೇರೆ ಕಂಪನಿಗಳ ವಿಮಾನವಾದರೆ ಇಬ್ಬರಿಗೂ ಬೇರೆ ಬೇರೆಯಾಗಿ ತಿಳಿಸಿ. ಇನ್ನೊಂದು ಮಾತು ಚಾರ್ಜರಿನದು. ಅಮೆರಿಕದ ಕರೆಂಟು 120 ವೋಲ್ಟ್, ನಮ್ಮಲ್ಲಿ 230. ಚಾರ್ಜರಿನ ಬೆನ್ನಿನ ಮೇಲೆ 100ರಿಂದ 240 ಎಂದಿದ್ದರೆ ಪಿನ್ ಬದಲಿಸಿದರೆ ಸಾಕು. ಬರೀ 115 ಎಂದಿದ್ದರೆ ಊರಿನ ಪ್ಲಗ್ಗಿಗೆ ಚುಚ್ಚಿದ ಗಳಿಗೆಯಲ್ಲೇ ಸುಟ್ಟುಹೋಗುತ್ತದೆ, ಹೊರಡುವ ಮೊದಲೇ ಬೇರೆ ಚಾರ್ಜರ್ ತರಿಸಿ. ಬೆಂಗಳೂರಿನ ಫುಟ್‌ಪಾತಿನಲ್ಲಿ ಅದನ್ನು ಎಲ್ಲಿ ಓಡಿಸುವುದು ಎಂದು ಕೇಳುತ್ತೀರಿ, ಕೇಳಬೇಕಾದ್ದೇ. ಎದ್ದ ಕಲ್ಲು, ತೆರೆದ ಚರಂಡಿ, ಅಡ್ಡ ನಿಂತ ಬೈಕುಗಳ ನಡುವೆ ಅದು ಹೋಗದು. ಆದರೂ ಲಾಲ್‌ಬಾಗಿನ ದಾರಿಗಳಿವೆ, ಅಪಾರ್ಟ್‌ಮೆಂಟಿನ ಅಂಗಳವಿದೆ, ಲಿಫ್ಟ್ ಇರುವ ಮೆಟ್ರೋ ನಿಲ್ದಾಣಗಳಿವೆ, ಮದುವೆ ಛತ್ರದ ಉದ್ದನೆಯ ಹಜಾರವಿದೆ. ಅಣ್ಣನ ಮೊಮ್ಮಗಳ ಮದುವೆಯಲ್ಲಿ ಮೂಲೆಯ ಕುರ್ಚಿಗೆ ಅಂಟಿಕೊಂಡು ಕೂರದೆ ನೀವೇ ಹೋಗಿ ಎಲ್ಲರನ್ನೂ ಮಾತಾಡಿಸುವುದಕ್ಕೆ ಅಷ್ಟು ಶ್ರಮ ಪಡಬಹುದು.

ಬೆಂಗಳೂರಿಗೆ ವಿಮಾನವೇ ಗತಿ, ಆದರೆ ಬರೀ ತಿರುಗಾಟಕ್ಕೆ ಹೊರಡುವುದಾದರೆ ವಿಮಾನಕ್ಕಿಂತ ಹಡಗು ನಮಗೆ ಹೆಚ್ಚು ಅನುಕೂಲ, ಇದು ನನ್ನ ಗಟ್ಟಿ ಅಭಿಪ್ರಾಯ. ಹೋಬೋಕನ್ನಿನವರಿಗಂತೂ ಹಡಗು ಮನೆಬಾಗಿಲಿಗೇ ಬಂದಂತೆ. ಈ ಊರೇ ಹಡಗಿನ ಊರು. 1917ರಿಂದ ಅಮೆರಿಕದ ಸೈನಿಕರು ಮೊದಲ ಮಹಾಯುದ್ಧಕ್ಕೆ ಹೊರಟಿದ್ದು ಇಲ್ಲಿನ ಕಟ್ಟೆಗಳಿಂದ, ಹಾಲೆಂಡ್ ಅಮೆರಿಕ ಕಂಪನಿಯ ಹಡಗುಗಳು 1963ರವರೆಗೂ ಇಲ್ಲೇ ತಂಗುತ್ತಿದ್ದವು. ಈಗ ಆ ಕಟ್ಟೆಗಳು ಉದ್ಯಾನಗಳಾಗಿವೆ, ಹಡಗುಗಳು ಹೊರಡುವುದು ಮ್ಯಾನ್‌ಹ್ಯಾಟನ್, ಬ್ರೂಕ್ಲಿನ್ ಮತ್ತು ನಮ್ಮ ದಕ್ಷಿಣಕ್ಕಿರುವ ಬೇಯಾನ್‌ನ ಕೇಪ್ ಲಿಬರ್ಟಿ ಬಂದರಿನಿಂದ. ಹೋಬೋಕನ್ ಟರ್ಮಿನಲ್ಲಿನಿಂದ ಬೇಯಾನ್ ಕಡೆಗೆ ಹೋಗುವ ಲೈಟ್ ರೈಲಿಗೆ ಮೆಟ್ಟಿಲೇ ಇಲ್ಲ, ಸ್ಕೂಟರ್ ನೇರ ಒಳಗೆ ಉರುಳುತ್ತದೆ. 34ನೇ ಬೀದಿಯ ನಿಲ್ದಾಣದಲ್ಲಿ ಇಳಿದರೆ ಅಲ್ಲಿಂದ ಬಂದರಿಗೆ ಟ್ಯಾಕ್ಸಿ ಬೇಕು. ಪೆಟ್ಟಿಗೆಗಳಿದ್ದರೆ ಮನೆಯಿಂದಲೇ ರ‍್ಯಾಂಪ್ ಇರುವ ವ್ಯಾನ್ ಮಾಡಿಕೊಳ್ಳುವುದು ಜಾಣತನ. ಮ್ಯಾನ್‌ಹ್ಯಾಟನ್ ಬಂದರಿಗೆ ಹೋಗುವವರು ಫೆರಿ ಹತ್ತಿ 39ನೇ ಬೀದಿಯ ಕಟ್ಟೆಯಲ್ಲಿ ಇಳಿದು, ನದಿಯ ಪಕ್ಕದ ಸಮದಾರಿಯಲ್ಲಿ ಹತ್ತಾರು ಬೀದಿ ದಾಟಿದರೆ ಆಯಿತು. ಫೆರಿಯ ಹಲಗೆಯ ಇಳಿಜಾರು ನೀರಿನ ಉಬ್ಬರವಿಳಿತದೊಂದಿಗೆ ಬದಲಾಗುತ್ತದೆ. ಇಳಿತದ ಹೊತ್ತಿನಲ್ಲಿ ಅದು ಕಡಿದಾಗಿರುತ್ತದೆ, ಸಿಬ್ಬಂದಿಯ ನೆರವು ಕೇಳಿ.

ಹಡಗಿನಲ್ಲಿ ಎಲ್ಲವೂ ನಿಂತಿರುವುದು ಕೋಣೆಯ ಬಾಗಿಲಿನ ಮೇಲೆ. ಸಾಧಾರಣ ಕೋಣೆಯ ಬಾಗಿಲು ಸುಮಾರು 23 ಇಂಚು, ಹೆಚ್ಚಿನ ಸ್ಕೂಟರುಗಳು ನುಗ್ಗುವುದಿಲ್ಲ. ಹೊರಗೆ ಓಣಿಯಲ್ಲಿ ನಿಲ್ಲಿಸಲು ಬಿಡುವುದಿಲ್ಲ, ಬೆಂಕಿ ಬಿದ್ದರೆ ಜನ ಓಡುವ ದಾರಿ ಅದು. ಸುಮಾರು 32 ಇಂಚು ಬಾಗಿಲು, ಅಗಲದ ಬಚ್ಚಲು, ಹಿಡಿದುಕೊಳ್ಳುವ ಸರಳುಗಳಿರುವ ಕೋಣೆಗಳು ಪ್ರತಿ ಹಡಗಿನಲ್ಲೂ ಕೆಲವೇ ಇರುತ್ತವೆ, ಮೊದಲು ತುಂಬುವುದೂ ಅವೇ. ಆದ್ದರಿಂದ ತಾರೀಕು ಗೊತ್ತುಮಾಡುವ ಮೊದಲು ಕೋಣೆ ಇದೆಯೋ ನೋಡಿ. ಇಂಥ ಅನುಕೂಲಗಳನ್ನು ಯಾರೂ ದಯೆಯಿಂದ ಕೊಟ್ಟದ್ದಲ್ಲ. ವಿದೇಶಿ ಬಾವುಟದ ಹಡಗಾದರೂ ಅಮೆರಿಕದ ನೀರಿನಲ್ಲಿರುವಾಗ ಇಲ್ಲಿನ ಅಂಗವಿಕಲರ ಕಾನೂನು ಅನ್ವಯಿಸುತ್ತದೆ ಎಂದು 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಮೊಕದ್ದಮೆ ಹೂಡಿದವರು ಸ್ಕೂಟರ್, ಗಾಲಿಕುರ್ಚಿ ಬಳಸುವ ಪ್ರಯಾಣಿಕರೇ.

ಚಾರ್ಜ್ ಮಾಡಲು ಮನೆಯಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಒಯ್ಯಬೇಡಿ, ಹಲವು ಹಡಗುಗಳಲ್ಲಿ ಕಿತ್ತಿಟ್ಟುಕೊಳ್ಳುತ್ತಾರೆ. ಬೇಕಾದರೆ ಅವರನ್ನೇ ಕೇಳಿ. ಅಪಾಯದ ಹೊತ್ತಿನಲ್ಲಿ ಲಿಫ್ಟ್ ನಡೆಯುವುದಿಲ್ಲ, ಆದ್ದರಿಂದ ಹತ್ತಿದ ದಿನವೇ ಸಿಬ್ಬಂದಿಗೆ ನಿಮ್ಮ ಕೋಣೆಯ ನಂಬರು ಹೇಳಿ, ಮೆಟ್ಟಿಲಿಳಿಸಲು ಜನ ಬೇಕೆಂದು ಬರೆಸಿ. ಸಸ್ಯಾಹಾರದ ಮಾತನ್ನು ಕೋಣೆ ಗೊತ್ತುಮಾಡುವಾಗಲೇ ಮುಗಿಸಿಬಿಡಿ.

ದಾರಿಯ ಊರುಗಳನ್ನು ಆರಿಸುವಾಗ ಒಂದೇ ಪ್ರಶ್ನೆ ಕೇಳಿ: ಹಡಗು ಕಟ್ಟೆಗೆ ತಾಗುತ್ತದೆಯೋ, ದೂರ ನಿಂತು ಸಣ್ಣ ದೋಣಿಯಲ್ಲಿ ಇಳಿಸುತ್ತದೆಯೋ? ಆ ದೋಣಿಗೆ ಟೆಂಡರ್ ಎನ್ನುತ್ತಾರೆ. ಅಲೆಯ ಮೇಲೆ ಕುಣಿಯುವ ಅದಕ್ಕೆ ಭಾರದ ಸ್ಕೂಟರನ್ನು ಸಾಮಾನ್ಯವಾಗಿ ಹತ್ತಿಸುವುದಿಲ್ಲ. ಗ್ರ್ಯಾಂಡ್ ಕೇಮನ್, ಮೇಯ್ನ್ ರಾಜ್ಯದ ಬಾರ್ ಹಾರ್ಬರ್ ಎರಡೂ ಅಂಥವು. ಬರ್ಮುಡಾದ ಡಾಕ್‌ಯಾರ್ಡ್, ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ಹಡಗು ಕಟ್ಟೆಗೇ ನಿಲ್ಲುತ್ತದೆ. ಮೊದಲ ಸಲ ಹೊರಡುವವರಿಗೆ ನಾನು ಹೇಳುವುದು ಬರ್ಮುಡಾ. ವಿಮಾನದ ಗೊಡವೆಯಿಲ್ಲ, ಸ್ಕೂಟರ್ ಯಾರ ಕೈಗೂ ಕೊಡಬೇಕಿಲ್ಲ, ಮನೆಯಿಂದ ಹೊರಟು ಅದರ ಮೇಲೇ ಹಿಂದಿರುಗಬಹುದು. ಆರೋಗ್ಯ ವಿಮೆ ಮಾತ್ರ ಬೇರೆ ಮಾಡಿಸಿಕೊಳ್ಳಿ. ಅಮೆರಿಕ ಸರ್ಕಾರದ ಮೆಡಿಕೇರ್ ವಿಮೆ ಇದ್ದವರಿಗೂ ಅಮೆರಿಕದ ಬಂದರಿನಿಂದ ಆರು ಗಂಟೆಗಿಂತ ದೂರ ಹೋದ ಹಡಗಿನಲ್ಲಿ ಅದು ಸಿಗುವುದಿಲ್ಲ. ಊರಿನಿಂದ ಬಂದ ಅಪ್ಪ ಅಮ್ಮನಿಗೆ ಮೆಡಿಕೇರೇ ಇರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ‘ಜನ ನೋಡ್ತಾರೆ, ನಾಚಿಕೆ ಆಗುತ್ತೆ’ ಎನ್ನುವವರಿದ್ದಾರೆ. ಕಣ್ಣು ಮಂಜಾದಾಗ ಕನ್ನಡಕ ಹಾಕಿಕೊಂಡಿರಿ, ಕಾಲು ಸೋತಾಗ ಸ್ಕೂಟರ್ ಹತ್ತಿದಿರಿ, ಅದರಲ್ಲಿ ತಲೆ ತಗ್ಗಿಸುವಂಥದ್ದು ಏನೂ ಇಲ್ಲ. ನಮ್ಮ ಸಂಘಗಳೂ ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. 2016ರಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ ಸಮ್ಮೇಳನ ಅಟ್ಲಾಂಟಿಕ್ ಸಿಟಿಯಲ್ಲಿ ನಡೆಯಿತು. ಮೈಲಿಗಟ್ಟಲೆ ಸಮನಾದ ಮರದ ಹಲಗೆಯ ದಾರಿ ಇರುವ ಊರು ಅದು, ನಮ್ಮಂಥವರಿಗೆ ಹೇಳಿ ಮಾಡಿಸಿದ್ದು. ಮುಂದೆ ಎಲ್ಲೇ ಹಬ್ಬ, ಸಮ್ಮೇಳನ ಮಾಡಿದರೂ ಸಭಾಂಗಣಕ್ಕಷ್ಟೇ ಅಲ್ಲ, ವೇದಿಕೆಗೂ ಒಂದು ರ‍್ಯಾಂಪ್ ಹಾಕಿಸಿ.

ಮಕ್ಕಳಿಗೆ ಒಂದು ಮಾತು. ಅಪ್ಪ ಅಮ್ಮನ ಟಿಕೆಟ್ ಮಾಡುವಾಗ ‘ವೀಲ್‌ಚೇರ್’ ಎಂಬ ಚೌಕಕ್ಕೆ ಗುರುತು ಹಾಕಿ ಕೈತೊಳೆದುಕೊಳ್ಳಬೇಡಿ. ಅರ್ಧ ಗಂಟೆ ಬಿಡುವು ಮಾಡಿಕೊಂಡು ಕಂಪನಿಗೆ ಫೋನ್ ಮಾಡಿ, ಸ್ಕೂಟರಿನ ವಿವರ ಬರೆಸಿ, ಒಪ್ಪಿಗೆಯನ್ನು ಇಮೇಲಿನಲ್ಲಿ ತರಿಸಿ, ಅಚ್ಚು ಹಾಕಿ ಅವರ ಪಾಸ್‌ಪೋರ್ಟಿನೊಳಗೆ ಇಟ್ಟುಕೊಡಿ.